ಎರಡು ಬಾಟ್ಲಿ ಗ್ಲೂಕೋಸ್

ಆ ದಿನ ಹುಲಿಗೆಮ್ಮ ಬೆಳಗಿನಿಂದಲೇ ನನ್ನ ಮೇಲೆ ಸಿಟ್ಟಾಗಿದ್ದಳು. ಬುಕ್ಕಸಾಗರದ ಕೆಳಗಿನ ಬಯಲಿನಲ್ಲಿ ಅವಳ ಗ್ಯಾಂಗಿನ ಹೆಂಗಸರು ಸಸಿ ಕಟ್ಟುಗಳನ್ನು ಗದ್ದೆಯ ಬದುವಿಗೆ ತಂದಿಟ್ಟು ಕಾಯುತ್ತಿದ್ದರು. ಗದ್ದೆಗೆ ಮಾತ್ರ ನೀರು ಬಂದಿರಲಿಲ್ಲ. ನೀರು ಬಿಡಬೇಕಾದವನು ನಾನೇ. ನಾನು ನೀರಗಂಟಿ, ಕಾಲುವೆಯ ತೂಬು ಎತ್ತಿ ಇಳಿಸಿ, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಹಾಯಿಸುವುದು ನನ್ನ ಕೆಲಸ. ಮೇಲಿನ ಬಾಳೆ ತೋಟದವರು ಹೇಳದೆ ಕೇಳದೆ ಕಾಲುವೆಗೆ ಅಡ್ಡ ಕಟ್ಟಿಕೊಂಡಿದ್ದರು. ಅದನ್ನು ಬಿಡಿಸಿ ನೀರನ್ನು ಕೆಳಗೆ ತರುವಷ್ಟರಲ್ಲಿ ಹತ್ತು ಗಂಟೆ. ನೀರಿನ ಹಿಂದೆಯೇ ಸಲಿಕೆ ಹಿಡಿದು ಬಂದ ನನ್ನನ್ನು ನೋಡಿ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬರ್ರಿ ಸಾಹೇಬ್ರ. ಕುರ್ಚಿ ತರ್ಸ್ಲೇನು? ಊರ ಮಂದಿಗೆಲ್ಲ ಮೊದ್ಲು ನೀರು, ಹೆಂಡ್ತಿ ಕೆಲ್ಸಕ್ಕ ಕಡೀಗೆ."

ಅವಳ ಜೊತೆ ಇಪ್ಪತ್ತು ವರ್ಷದಿಂದ ನಾಟಿ ಮಾಡುತ್ತಿದ್ದ ಈರಮ್ಮ ಬದುವಿನ ಮೇಲಿಂದಲೇ, "ಅಕ್ಕಾ, ಮನ್ಯಾಗ ಅನ್ನಾನೂ ಇವ್ರಿಗೆ ಸರದಿ ಮ್ಯಾಲ ಹಾಕು," ಎಂದಳು. ಎಲ್ಲರೂ ನಕ್ಕರು. ಹುಲಿಗೆಮ್ಮ ನಗದೆ ಕೆಸರಿಗಿಳಿದಳು. ಸಂಜೆ ಐದರೊಳಗೆ ಆ ಗದ್ದೆ ಮುಗಿಯಿತು. ಮನೆಗೆ ಬರುವಾಗ ಅವಳು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನನಗಿಂತ ಇಪ್ಪತ್ತು ಹೆಜ್ಜೆ ಮುಂದಿದ್ದಳು. ಬರೀ ಸಲಿಕೆ ಹಿಡಿದಿದ್ದ ನನಗೆ ಅವಳ ಸಮ ನಡೆಯಲು ಆಗಲಿಲ್ಲ. ಅವಳು ಹಾಗೆ ನಡೆದದ್ದು ಅದೇ ಕೊನೆ.

ಇದನ್ನೆಲ್ಲ ಈಗ ಬರೆಯಲು ಕಾರಣ, ಮೊನ್ನೆ ಕಾಲುವೆಗೆ ಈ ವರ್ಷದ ಮೊದಲ ನೀರು ಬಂತು. ಎರಡು ತಿಂಗಳು ಒಣಗಿ ಬಿರಿದಿದ್ದ ಹೂಳಿನ ಮೇಲೆ ಹೊಸ ನೀರು ಹರಿದರೆ ಒಂದು ವಾಸನೆ ಏಳುತ್ತದೆ. ಮಣ್ಣಿನದೂ ಅಲ್ಲ, ಮೀನಿನದೂ ಅಲ್ಲ, ಎರಡೂ ಸೇರಿದ್ದು. ಮೊದಲೆಲ್ಲ ಆ ವಾಸನೆ ಬಂದರೆ ಕೆಲಸ ಬಂತು ಅಂತ ಅರ್ಥ. ಈ ಸಲ ತೂಬಿನ ಕಲ್ಲಿನ ಮೇಲೆ ಕೂತವನಿಗೆ ಏಳಲು ಆಗಲಿಲ್ಲ. ನಾನು ಹತ್ತನೇ ಇಯತ್ತೆಯವರೆಗೆ ಓದಿದವನು. ಪತ್ರ ಬರೆದು ರೂಢಿ, ಇಂಥದ್ದು ಬರೆದು ರೂಢಿಯಿಲ್ಲ. ಆ ವರ್ಷದ ನಾಟಿ ಹಂಗಾಮು ನಡೆದ ಹಾಗೆಯೇ ಬರೆಯುತ್ತೇನೆ.

ಆ ದಿನವಾದ ಮೇಲೆ ಅವಳಿಗೆ ಜ್ವರ ಬಂತು. ಐದು ದಿನ ಇತ್ತು. ಯಾವುದೋ ವೈರಸ್ ಎಂದರು, ಮಾತ್ರೆ ಕೊಟ್ಟರು, ಜ್ವರ ಬಿಟ್ಟಿತು. ಹೋದ ಶಕ್ತಿ ತಿರುಗಿ ಬರಲಿಲ್ಲ. ಆದರೂ ಅವಳು ಗ್ಯಾಂಗಿಗೆ ಹೋದಳು. ಅವಳು ಮುಂದೆ ನಿಂತು ಸಾಲು ಹಿಡಿಯದಿದ್ದರೆ ಆ ಹೆಂಗಸರಿಗೆ ಕೈ ಓಡುತ್ತಿರಲಿಲ್ಲ. ಮೊದಲ ದಿನ ಮೂರನೇ ಸಾಲಿಗೇ ಬದುವಿನ ಮೇಲೆ ಕೂತುಬಿಟ್ಟಳಂತೆ. ಈರಮ್ಮ ನನಗೆ ಅದನ್ನು ತಮಾಷೆಯಾಗಿಯೇ ಹೇಳಿದಳು: ಅಕ್ಕನಿಗೆ ಈಗ ಮೇಸ್ತ್ರಿಗಿರಿ ರುಚಿ ಹತ್ತಿದೆ, ಕೂತು ಕೆಲಸ ಹೇಳುತ್ತಾಳೆ ಅಂತ. ಆಮೇಲೆ ಪಾದ ಊದಿಕೊಂಡವು. ಬೆಳ್ಳಿಯ ಕಾಲುಂಗುರ ಚರ್ಮದೊಳಗೆ ಹೂತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ತವರೂರು ವಡ್ಡುವಿನಿಂದ ಅವಳ ಅಣ್ಣ ನೋಡಲು ಬಂದ. ಅದಿರು ಲಾರಿ ಓಡಿಸುವವನು. ಸಂಡೂರಿನ ಕೆಂಪು ಧೂಳು ಅವನ ಅಂಗಿಯ ಕಾಲರಿನಲ್ಲಿ ಯಾವತ್ತೂ ಇರುತ್ತದೆ. ಅವನು ತಂಗಿಯ ಕಾಲು ಒತ್ತಿ ನೋಡಿದ. ಬೆರಳು ತೆಗೆದರೂ ಗುಂಡಿ ಹಾಗೇ ಉಳಿಯಿತು. ಅವತ್ತೇ ಇಬ್ಬರೂ ಸೇರಿ ಅವಳನ್ನು ಹೊಸಪೇಟೆಗೆ ಕರೆದುಕೊಂಡು ಹೋದೆವು.

ಹೃದಯದ ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು. ಎದೆಯ ಮೇಲೆ ಯಂತ್ರ ಇಟ್ಟು ಪರದೆಯಲ್ಲಿ ತೋರಿಸಿದರು. ಹೃದಯ ದೊಡ್ಡದಾಗಿತ್ತು. ದೊಡ್ಡದಾದರೆ ಒಳ್ಳೆಯದಲ್ಲವೇ ಎಂದು ನಾನು ಕೇಳಿದೆ. ಇಲ್ಲ, ಜೋತು ಬಿದ್ದಿದೆ, ಒತ್ತುವ ಬಲ ಅರ್ಧಕ್ಕಿಂತ ಕಡಿಮೆಯಾಗಿದೆ ಎಂದರು. ಜ್ವರ ತಂದ ಆ ವೈರಸ್ ಹೃದಯದ ಮಾಂಸಕ್ಕೆ ತಗುಲಿರಬೇಕು ಎಂದರು. ಗುಳಿಗೆ ಬರೆದುಕೊಟ್ಟು, ಕೊನೆಗೆ ನಿಯಮ ಹೇಳಿದರು. ಉಪ್ಪು ತೀರಾ ಕಡಿಮೆ. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಕುಡಿಯಬಾರದು, ಚಹಾ ಸಾರು ಎಲ್ಲ ಸೇರಿ. ದಿನಾ ತೂಕ ನೋಡಬೇಕು, ತೂಕ ದಿಢೀರ್ ಏರಿದರೆ ಅದು ಮಾಂಸವಲ್ಲ, ನೀರು, ಕೂಡಲೇ ಕರೆತರಬೇಕು. ನಾನು ಏನು ಕೆಲಸ ಮಾಡುತ್ತೇನೆ ಎಂದು ಕೇಳಿ, ಹೇಳಿದ ಮೇಲೆ ಸ್ವಲ್ಪ ನಕ್ಕರು. ಹಾಗಿದ್ದರೆ ನಿಮಗೆ ಹೇಳಿಕೊಡಬೇಕಿಲ್ಲ, ನೀರು ಎಲ್ಲಿ ನಿಲ್ಲುತ್ತೆ ಅನ್ನುವುದು ನಿಮಗೇ ಗೊತ್ತು ಎಂದರು.

ಹೌದು, ನನಗೆ ಗೊತ್ತಿತ್ತು.

ನಮ್ಮ ಮಗಳು ಸುಜಾತ ಆಗ ಹೊಸಪೇಟೆಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅವಳಿಗೆ ಚಿಕ್ಕಂದಿನಿಂದ ಒಂದು ಅಭ್ಯಾಸ. ಶಾಲೆಯಲ್ಲಿ ಕಲಿತದ್ದನ್ನು ಸಂಜೆ ನನ್ನನ್ನು ಕೂಡಿಸಿಕೊಂಡು ಪಾಠ ಮಾಡುವುದು. ಭಿನ್ನರಾಶಿ, ಗ್ರಹಣ, ಎಲೆ ಹೇಗೆ ಉಸಿರಾಡುತ್ತದೆ, ಎಲ್ಲವನ್ನೂ ನಾನು ಎರಡನೇ ಸಲ ಕಲಿತದ್ದು ಅವಳಿಂದ. ನನಗೆ ತಿಳಿಯಿತೋ ಇಲ್ಲವೋ ಎಂದು ನನ್ನ ಮುಖ ನೋಡಿಯೇ ಹೇಳುತ್ತಿದ್ದಳು. ತಿಳಿಯದಿದ್ದರೆ ಬಿಡುತ್ತಿರಲಿಲ್ಲ, ಬೇರೆ ದಾರಿಯಲ್ಲಿ ಹೇಳುತ್ತಿದ್ದಳು. ನಾನು ಕಂಡ ಸುಖಗಳಲ್ಲಿ ಅದು ದೊಡ್ಡದು.

ತಾಯಿಯ ಕಾಯಿಲೆ ತಿಳಿದ ವಾರ ಅವಳು ಕಾಲೇಜಿನ ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದಳು. ಕಟ್ಟೆಯ ಮೇಲೆ ನಾವು ಮೂವರೂ ಕೂತಿದ್ದೆವು. ಇನ್ನೂ ಬೆಳಕಿತ್ತು. ನೋಟ್ಸಿನ ಹಿಂದಿನ ಹಾಳೆಯಲ್ಲಿ ಅವಳು ಹೃದಯದ ಒಂದು ಜೀವಕೋಶ ಬರೆದು, ಅದರ ತುಂಬ ಸಣ್ಣ ಸಣ್ಣ ಅವರೆಕಾಳಿನಂಥವನ್ನು ಬರೆದಳು.

ಇವು ಒಲೆಗಳು, ಎಂದಳು. ಬೇರೆ ಕೋಶಗಳಲ್ಲಿ ಇಷ್ಟು ಇರುವುದಿಲ್ಲ. ಹೃದಯದ ಕೋಶದಲ್ಲಿ ಮೂರರಲ್ಲಿ ಒಂದು ಪಾಲು ಜಾಗ ಒಲೆಗಳದ್ದೇ. ಯಾಕೆಂದರೆ ಅದಕ್ಕೆ ಗೋದಾಮು ಇಲ್ಲ. ಕೂಡಿಟ್ಟ ಶಕ್ತಿ ನಾಲ್ಕಾರು ಬಡಿತಕ್ಕೆ ಸಾಕಾಗುತ್ತದೆ, ಅಷ್ಟೇ. ದಿನಕ್ಕೆ ಒಂದು ಲಕ್ಷ ಸಲ ಬಡಿಯುವ ಹೃದಯ ಬೇಯಿಸಿದ್ದನ್ನು ಆಗಲೇ ಬಡಿಸುತ್ತ ಇರಬೇಕು. ನಿಲ್ಲುವ ಹಾಗಿಲ್ಲ.

ಮತ್ತೆ ಎಷ್ಟು ಬೇಯಿಸಬೇಕು ಅಂತ ಹೇಳುವವರು ಯಾರು ಎಂದು ಕೇಳಿದೆ. ನನ್ನ ಕೆಲಸದವನಿಗೆ ಮೊದಲು ಹುಟ್ಟುವ ಪ್ರಶ್ನೆ ಅದೇ. ಅವಳಿಗೆ ಆ ಪ್ರಶ್ನೆ ಹಿಡಿಸಿತು. ಅದೇ ಚಂದ ಇರುವುದು ಅಪ್ಪ, ಯಾರೂ ಇಲ್ಲ ಎಂದಳು. ಪ್ರತಿ ಬಡಿತಕ್ಕೂ ಕ್ಯಾಲ್ಸಿಯಂ ಕೋಶದೊಳಗೆ ನುಗ್ಗುತ್ತದೆ. ಅದು ಮಾಂಸದ ಎಳೆಗಳಿಗೆ ಹೋಗಿ 'ಎಳೆಯಿರಿ' ಅನ್ನುತ್ತದೆ. ಅದೇ ಕ್ಯಾಲ್ಸಿಯಂ ಪಕ್ಕದ ಒಲೆಯೊಳಗೂ ಹೊಕ್ಕು 'ಉರಿ ಹೆಚ್ಚು ಮಾಡಿ' ಅನ್ನುತ್ತದೆ. ಕೆಲಸ ಹೇಳುವವನೂ ಅಡುಗೆ ಹೇಳುವವನೂ ಒಬ್ಬನೇ. ಅದೂ ಅಲ್ಲದೆ ಉಂಡ ತಟ್ಟೆಗಳು ಖಾಲಿಯಾಗಿ ಎಷ್ಟು ವಾಪಸ್ ಬರುತ್ತವೋ ಅಷ್ಟು ಒಲೆ ಜೋರಾಗುತ್ತದೆ. ಓಡಿದರೆ ಜೋರು, ಮಲಗಿದರೆ ಸಣ್ಣ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಕಾಲುವೆಯ ಮೇಲೆ ನಾನು ದಿನವಿಡೀ ತಿರುಗಿ, ಬೈಸಿಕೊಂಡು, ಒಂದು ದಿನವೂ ಸರಿಯಾಗಿ ಮಾಡಲಾಗದ ಕೆಲಸವನ್ನು ಹೃದಯದೊಳಗೆ ಗದ್ದೆಗಳೇ ಮಾಡಿಕೊಳ್ಳುತ್ತಿದ್ದವು. ನನಗೆ ಆಶ್ಚರ್ಯವಾಯಿತು.

ಹುಲಿಗೆಮ್ಮ ಎಲೆಗೆ ಸುಣ್ಣ ಹಚ್ಚುತ್ತ ಕೇಳುತ್ತಿದ್ದಳು. "ಕ್ಯಾಲ್ಸಿಯಂ ಅಂದ್ರ ಇದ ಸುಣ್ಣ ಅಲ್ಲೇನ? ನಾ ಹುಟ್ಟಿದಾಗಿಂದ ತಿನ್ನಾಕತ್ತೀನಿ. ನನ್ನ ಒಲಿ ಯಾಕ ಆರ್ತು?"

ಸುಜಾತ ನಕ್ಕು ತಾಯಿಯ ತೊಡೆಯ ಮೇಲೆ ಕೈಯಿಟ್ಟಳು. ಒಲೆಗಳೇ ಮುರಿದಿವೆ ಅವ್ವ, ಎಂದಳು. ಕ್ಯಾಲ್ಸಿಯಂ ಹೊತ್ತಿಗೆ ಬರುವುದಿಲ್ಲ, ಬಂದರೆ ಹೊತ್ತಿಗೆ ಹೋಗುವುದಿಲ್ಲ. ಸೌದೆಯೂ ಬದಲಾಗುತ್ತದೆ. ಚೆನ್ನಾಗಿರುವ ಹೃದಯ ಹೆಚ್ಚಾಗಿ ಕೊಬ್ಬನ್ನು ಸುಡುತ್ತದೆ. ದಣಿದ ಹೃದಯ ಅದನ್ನು ಬಿಟ್ಟು ಗ್ಲೂಕೋಸ್ ಕಡೆ ತಿರುಗುತ್ತದೆ.

"ಗ್ಲೂಕೋಸ್ ಅಂದ್ರ," ನಾನು ಕೇಳಿದೆ, "ಆ ಗ್ಲೂಕೋಸ?"

"ಅದ ಅಪ್ಪಾ. ಸಕ್ರಿ."

ಅವಳ ಉತ್ತರದಲ್ಲಿ ತಪ್ಪಿರಲಿಲ್ಲ. ನನ್ನ ಪ್ರಶ್ನೆಯಲ್ಲಿ ಇದ್ದದ್ದು ಏನು ಅಂತ ಅವಳಿಗೆ ತಿಳಿಯಲಿಲ್ಲ. ನಮ್ಮ ಕಡೆ ಗ್ಲೂಕೋಸ್ ಅಂದರೆ ಸಕ್ಕರೆಯಲ್ಲ. ಗ್ಲೂಕೋಸ್ ಅಂದರೆ ಬಾಟ್ಲಿ. ನಾಟಿ ಮುಗಿದ ಮೇಲೆ ಇಲ್ಲಿನ ಹೆಂಗಸರು ಗುಂಪಾಗಿ ಕಂಪ್ಲಿಗೆ ಹೋಗಿ ಬಾಟ್ಲಿ ಏರಿಸಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಬಗ್ಗಿದ ಬೆನ್ನು, ಕೆಸರಲ್ಲಿ ಕೊಳೆತ ಬೆರಳು, ಎಲ್ಲದಕ್ಕೂ ಅದೇ ಮದ್ದು. ಸಾಲಾಗಿ ಬೆಂಚಿನ ಮೇಲೆ ಮಲಗಿ, ಕೈಗೆ ನಳಿಗೆ ಚುಚ್ಚಿಸಿಕೊಂಡು, ಬಾಟ್ಲಿ ಹನಿಹನಿಯಾಗಿ ಇಳಿಯುವವರೆಗೂ ಒಬ್ಬರ ಸೊಸೆಯನ್ನು ಇನ್ನೊಬ್ಬರು ಆಡಿಕೊಂಡು ನಗುವುದು. ವರ್ಷಕ್ಕೊಂದು ಸಲ ಅವರು ಹಗಲಲ್ಲಿ ಮಲಗುವುದು ಅವತ್ತೇ. ಅವರನ್ನೆಲ್ಲ ಪ್ರತಿ ವರ್ಷ ಟಂಟಂ ಗಾಡಿ ಮಾಡಿ ಕರೆದುಕೊಂಡು ಹೋಗುತ್ತಿದ್ದವಳು ಹುಲಿಗೆಮ್ಮನೇ.

ಐದಾರು ವಾರ ನಾವು ನಿಯಮ ತಪ್ಪಲಿಲ್ಲ. ಬೆಳಿಗ್ಗೆ ಎರಡು ತಂಬಿಗೆ ನೀರು ಅಳೆದು ಇಡುತ್ತಿದ್ದೆ, ದಿನಕ್ಕೆಲ್ಲ ಅಷ್ಟೇ. ಹೊರಗೆ ಕಾಲುವೆ ತುಂಬಿ ಹರಿಯುತ್ತಿತ್ತು, ಮಳೆಯೂ ಬೀಳುತ್ತಿತ್ತು, ಒಳಗೆ ಅವಳು ಒಣಗಿದ ತುಟಿಯ ಮೇಲೆ ಒದ್ದೆ ಬಟ್ಟೆ ಒತ್ತಿಕೊಳ್ಳುತ್ತಿದ್ದಳು. ಊರಿಗೆಲ್ಲ ನೀರು ಬಿಟ್ಟು ಮನೆಗೆ ಬಂದು ಹೆಂಡತಿಗೆ ಒಂದು ಗುಟುಕು ಹೆಚ್ಚು ಕೊಡದ ಗಂಡ ಎಂದು ಅವಳೇ ನಗುತ್ತಿದ್ದಳು. ರೇಷನ್ ಅಂಗಡಿಯ ತಕ್ಕಡಿಯ ಮೇಲೆ ದಿನಾ ನಿಲ್ಲಿಸುತ್ತಿದ್ದೆ. ಅಂಗಡಿಯವನು ಅವಳನ್ನು ಅಕ್ಕಿ ಚೀಲ ಅನ್ನುತ್ತಿದ್ದ. ತೂಕ ಇಳಿಯಿತು, ಕಾಲಿನ ಬಾವು ಹೋಯಿತು. ಮಲಗಿ ನಿದ್ದೆ ಮಾಡತೊಡಗಿದಳು. ಎರಡನೇ ಸಲ ಹೊಸಪೇಟೆಗೆ ಹೋದಾಗ ಡಾಕ್ಟರು ಹೆಚ್ಚೇನೂ ಹೇಳಲಿಲ್ಲ, ಹೀಗೇ ನಡೆಸಿ ಎಂದರು. ಅದು ವಾಸಿಯಾಗುವ ಮಾತಲ್ಲ, ನಡೆಸುವ ಮಾತು ಎಂದು ನನಗೆ ಅರ್ಥವಾಯಿತು. ಹುಲಿಗೆಮ್ಮನಿಗೂ ಅರ್ಥವಾಗಿರಬೇಕು.  ಬಸ್ಸು ಕಮಲಾಪುರ ದಾಟಿದ ಮೇಲೆ ಕಿಟಕಿಯಾಚೆ ನಾಟಿಯಾದ ಗದ್ದೆಗಳನ್ನು ನೋಡುತ್ತ, ಯಾರು ಹಿಡಿದ ಸಾಲು ಇದು, ಹಾವು ಹರಿದ ಹಾಗೆ ಇದೆ ಎಂದಳು.

ಶ್ರಾವಣ ಮುಗಿಯುತ್ತ ಬಂದಾಗ ಕಾಲುವೆಯ ಬಾಲದ ಕಡೆ ಒಂದೇ ಗದ್ದೆ ಉಳಿದಿತ್ತು. ಗ್ಯಾಂಗಿನವರು ಮನೆಯ ಮುಂದೆಯೇ ಹಾದುಹೋಗುತ್ತಿದ್ದರು. ಮೊದಮೊದಲು ನಿಂತು ಮಾತಾಡಿಸುತ್ತಿದ್ದವರು ಆಮೇಲೆ ಕೈ ಮಾಡಿ ಹೋಗತೊಡಗಿದರು. ಈರಮ್ಮ ಈಗ ಮುಂದಿನ ಸಾಲು ಹಿಡಿಯುತ್ತಿದ್ದಳು. ಹುಲಿಗೆಮ್ಮ ಕಟ್ಟೆಯ ಮೇಲಿಂದ ಅವರ ಕೆಸರು ಕಾಲುಗಳನ್ನು ನೋಡುತ್ತಿದ್ದಳು. ಒಂದು ವಾರದಿಂದ ಅವಳಿಗೆ ಸುಸ್ತು ಮತ್ತೆ ಹೆಚ್ಚಾಗಿತ್ತು. ಕಾಲಿನ ಬಾವು ಇರಲಿಲ್ಲ, ಉಸಿರೂ ಸರಿಯಿತ್ತು, ಸುಮ್ಮನೆ ಸುಸ್ತು. ಜಡೆ ಹೆಣೆಯುವಷ್ಟರಲ್ಲಿ ಕೈ ಸೋಲುತ್ತಿತ್ತು.

ಕೊನೆಯ ಗದ್ದೆ ಮುಗಿದ ಮರುದಿನ ಈರಮ್ಮ ಬಂದು, ನಾಳೆ ಎಲ್ಲರೂ ಕಂಪ್ಲಿಗೆ ಹೊರಟಿದ್ದೇವೆ ಎಂದಳು. ಅಕ್ಕ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೇಳದೆ ಹೋದರೆ ತಪ್ಪಾಗುತ್ತದೆ ಎಂದು ಹೇಳಿದಳು. ಅವಳು ಹೋದ ಮೇಲೆ ಹುಲಿಗೆಮ್ಮ ಕೇಳಿದಳು.

"ನನಗೂ ಒಂದು ಹಾಕಸ್ರಿ. ಹುಡುಗಿ ಹೇಳಿದ್ಲಲ್ಲ, ಈ ಎದಿಗೆ ಗ್ಲೂಕೋಸ ಬೇಕು ಅಂತ."

ನಾನು ತಕ್ಷಣ ಹೂಂ ಅನ್ನಲಿಲ್ಲ. ಆ ಮಾತು ನನ್ನ ತಲೆಯಲ್ಲೂ ವಾರದಿಂದ ಓಡುತ್ತಿತ್ತು. ಡಾಕ್ಟರು ಬೇಡ ಅಂದದ್ದು ನೀರು. ಉಪ್ಪು. ಬಾಟ್ಲಿಯಲ್ಲಿ ಇರುವುದು ಶಕ್ತಿ, ಅದು ಹೊಟ್ಟೆಗಲ್ಲ, ರಕ್ತಕ್ಕೆ ಹೋಗುತ್ತದೆ, ಸೀದಾ ಹೃದಯಕ್ಕೆ ಹೋಗುತ್ತದೆ. ಒಲೆಗೆ ಸೌದೆ ಒಟ್ಟಿದ ಹಾಗೆ. ಇಪ್ಪತ್ತು ವರ್ಷ ನೀರಿನಲ್ಲಿ ಬದುಕಿದ ನನಗೆ ಆ ಬಾಟ್ಲಿಯೊಳಗೆ ನೀರು ಕಾಣಿಸಲಿಲ್ಲ. ಅದಕ್ಕೆ ಬೇರೆ ಹೆಸರಿತ್ತು. ಮಗಳನ್ನು ಕೇಳೋಣ ಅಂದುಕೊಂಡೆ. ಅವಳಿಗೆ ಮರುದಿನ ಪರೀಕ್ಷೆಯಿತ್ತು, ಓದುತ್ತಿದ್ದಳು. ತಾಯಿಯ ವಿಷಯ ತೆಗೆದರೆ ಗಾಬರಿಯಾಗುತ್ತಾಳೆ ಎಂದು ಸುಮ್ಮನಾದೆ.

ಬೆಳಿಗ್ಗೆ ಸುಜಾತ ಬಸ್ಸು ಹತ್ತಿದ ಮೇಲೆ ನಾವು ಟಂಟಂ ಹತ್ತಿದೆವು. ಹೆಂಗಸರೆಲ್ಲ ಹುಲಿಗೆಮ್ಮನಿಗೆ ನಡುವಿನ ಜಾಗ ಬಿಟ್ಟರು. ದಾರಿಯುದ್ದಕ್ಕೂ ನಗು. ಆ ಅರ್ಧ ಗಂಟೆ ಅವಳು ಹಳೆಯ ಹುಲಿಗೆಮ್ಮನೇ ಆಗಿದ್ದಳು. ಈರಮ್ಮನ ಸಾಲು ಸೊಟ್ಟ ಎಂದಳು, ಬರುವ ವರ್ಷ ನಾನೇ ಬಂದು ತಿದ್ದುತ್ತೇನೆ ಎಂದಳು. ಕಂಪ್ಲಿಯ ಆ ಸಣ್ಣ ದವಾಖಾನೆಯವರನ್ನು ನಾನು ದೂರುವುದಿಲ್ಲ. ಅವರು ಕೇಳಿದರು, ಬೇರೆ ಏನಾದರೂ ಕಾಯಿಲೆ ಇದೆಯೇ ಅಂತ. ಹುಲಿಗೆಮ್ಮ ನನ್ನ ಮುಖ ನೋಡಿದಳು. ಇದೆ ಎಂದರೆ ಹಾಕುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಏನಿಲ್ರಿ. ಸುಸ್ತು ಅಷ್ಟ."

ನಾನು ಬಾಯಿ ತೆರೆಯಲಿಲ್ಲ.

ಒಂದು ಬಾಟ್ಲಿ ಮುಗಿಯಿತು. ಹೇಗಿದೆ ಎಂದು ಕೇಳಿದೆ. ತಂಪಾಗಿದೆ ಎಂದಳು. ಉಳಿದವರಿಗೆ ಎರಡೆರಡು ಹಾಕುತ್ತಿದ್ದರು, ಅವಳಿಗೂ ಎರಡನೆಯದು ಹಾಕಿದರು. ಬೇಗ ಮುಗಿಯಲಿ ಎಂದು ನಳಿಗೆಯನ್ನು ಒತ್ತಿ ಹಿಡಿಯುವ ಸಣ್ಣ ಗಾಲಿಯನ್ನು ಸ್ವಲ್ಪ ಸಡಿಲಿಸಿದರು. ತೂಬು ಸಡಿಲಿಸಿದ ಹಾಗೆ. ಬಾಲದ ಕಡೆ ಹೂಳು ತುಂಬಿ ನೀರು ಮುಂದೆ ಹೋಗದಿರುವಾಗ ಮೇಲೆ ತೂಬು ಎತ್ತಿದರೆ ಕಾಲುವೆಯ ಏರಿ ಒಡೆಯುತ್ತದೆ. ಇದನ್ನು ನಾನು ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ. ಅವತ್ತು ಅವಳ ತಲೆಯ ಹತ್ತಿರ ಕೂತು ಹನಿಗಳನ್ನು ನೋಡುತ್ತಿದ್ದೆ, ಇದು ನೆನಪಾಗಲಿಲ್ಲ.

ಮನೆಗೆ ಬಂದು ಒಂದು ಗಂಟೆಯಾಗಿರಬಹುದು, ಕೆಮ್ಮು ಶುರುವಾಯಿತು. ಮಲಗಲಾರಳು, ಕೂರಲಾರಳು. ಎದೆಯಲ್ಲಿ ನೀರು ಕುದಿಯುವ ಹಾಗೆ ಸದ್ದು. ತುಟಿಯ ಮೇಲೆ ಗುಲಾಬಿ ಬಣ್ಣದ ನೊರೆ ಬಂತು. ಗಾಡಿ ಸಿಕ್ಕಿ ಹೊಸಪೇಟೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ದಾರಿಯಲ್ಲಿ ನನ್ನ ಅಂಗಿ ಹಿಡಿದುಕೊಂಡಿದ್ದಳು. ಕಿಟಕಿ ತೆಗೆಯಿರಿ ಎಂದಳು. ಕಿಟಕಿ ತೆಗೆದೇ ಇತ್ತು.

ಫೋನು ಮಾಡಿದ್ದರಿಂದ ಸುಜಾತ ಕಾಲೇಜಿನಿಂದ ನಮಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಒಯ್ದು ಮುಖಕ್ಕೆ ಮಾಸ್ಕು ಹಾಕಿದರು, ಸೂಜಿ ಕೊಟ್ಟರು. ಅದೇ ಡಾಕ್ಟರು ಹೊರಗೆ ಬಂದು, ಶ್ವಾಸಕೋಶ ತುಂಬ ನೀರಾಗಿದೆ, ಬೆಳಿಗ್ಗೆಯಿಂದ ಏನು ಕೊಟ್ಟಿದ್ದೀರಿ ಎಂದು ಕೇಳಿದರು.

"ಎರಡು ಬಾಟ್ಲಿ ಗ್ಲೂಕೋಸ್ ರೀ."

ಅವರು ಬರೆಯುವುದನ್ನು ನಿಲ್ಲಿಸಿದರು. "ಅದರಲ್ಲಿ ಒಂದು ಲೀಟರ್ ನೀರಿತ್ತಲ್ಲ, ಯಮನೂರಪ್ಪ," ಎಂದರು. ಬೈಯಲಿಲ್ಲ. ಒಳಗೆ ಹೋದರು.

ಸುಜಾತ ಗೋಡೆಗೆ ಒರಗಿ ನಿಂತಿದ್ದಳು. ಪರೀಕ್ಷೆಯ ರಟ್ಟು ಇನ್ನೂ ಕೈಯಲ್ಲೇ ಇತ್ತು. ಅವಳು ಅಳಲಿಲ್ಲ. ನನ್ನ ಕಡೆ ನೋಡದೆ ನಿಧಾನವಾಗಿ ಹೇಳಿದಳು.

"ನೀ ಕೇಳಿದ್ದೆ ಅಪ್ಪಾ, ಆ ಗ್ಲೂಕೋಸ ಅಂತ. ನಾ ಅದ ಅಂದೆ."

ನಿನ್ನದಲ್ಲ, ನನ್ನ ತಪ್ಪು ಎಂದು ನಾನು ಹೇಳಿದೆ. ಅವಳು ತಲೆಯಾಡಿಸಿದಳು. ಒಪ್ಪಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ. ಸಂಜೆ ಐದೂವರೆಗೆ ಹುಲಿಗೆಮ್ಮ ಹೋದಳು.

ಮಣ್ಣು ಮಾಡಿದ ಮೇಲೆ ಒಂದು ದಿನ ಡಾಕ್ಟರ ಹತ್ತಿರ ಹೋಗಿ ಕೇಳಿದೆ, ಬಾಟ್ಲಿ ಹಾಕಿಸದಿದ್ದರೆ ಎಷ್ಟು ದಿನ ಇರುತ್ತಿದ್ದಳು ಎಂದು. ಹೇಳಲಾಗದು, ಕೆಲವರು ವರ್ಷಗಟ್ಟಲೆ ಇರುತ್ತಾರೆ, ಕೆಲವರು ತಿಂಗಳು, ಅವಳ ಹೃದಯ ತುಂಬ ಸೋತಿತ್ತು ಎಂದರು. ನನಗೆ ಸಮಾಧಾನವಾಗಲಿ ಎಂದು ಹಾಗೆ ಹೇಳಿದರು. ವರ್ಷಗಟ್ಟಲೆ ಅನ್ನುವ ಮಾತು ಮಾತ್ರ ನನ್ನಲ್ಲಿ ಉಳಿದಿದೆ. ಈರಮ್ಮ ಅಂದಿನಿಂದ ನಮ್ಮ ಮನೆಯ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಾಳೆ. ಆದರೆ ಕಂಪ್ಲಿಗೆ ಹೋಗುವುದು ನಿಂತಿಲ್ಲ. ಮಿಕ್ಕವರ ಹೃದಯ ಗಟ್ಟಿಯಾಗಿದೆ, ಅವರಿಗೆ ಏನೂ ಆಗುವುದಿಲ್ಲ. ಈ ವರ್ಷವೂ ಹೋಗುತ್ತಾರೆ. ಹೋಗಬೇಡಿ ಎಂದು ಒಬ್ಬಿಬ್ಬರಿಗೆ ಹೇಳಿದೆ, ನನ್ನ ಮುಖ ನೋಡಿ ಹೂಂ ಎಂದರು.

ಕೆಲಸಕ್ಕೆ ಹೋಗುತ್ತೇನೆ. ತೂಬು ಎತ್ತುತ್ತೇನೆ, ಇಳಿಸುತ್ತೇನೆ. ಯಾರಿಗೆ ಎಷ್ಟು ನೀರು ಎಂದು ಕೇಳಿದರೆ ಒಮ್ಮೊಮ್ಮೆ ಉತ್ತರ ಹೊಳೆಯುವುದಿಲ್ಲ, ಅವರೇ ಸಲಿಕೆ ತೆಗೆದುಕೊಂಡು ಹಾಯಿಸಿಕೊಳ್ಳುತ್ತಾರೆ.

ಸುಜಾತ ಕೊನೆಯ ವರ್ಷ ಮುಗಿಸಿದಳು. ಒಳ್ಳೆಯ ಅಂಕ ಬಂದಿವೆ. ಈಗ ಹೊಸಪೇಟೆಯ ಒಂದು ಲ್ಯಾಬಿನಲ್ಲಿ ಕೆಲಸ, ಅಲ್ಲೇ ಹಾಸ್ಟೆಲಿನಲ್ಲಿ ಇರುತ್ತಾಳೆ. ಭಾನುವಾರ ಬಂದು ಅಡುಗೆ ಮಾಡಿ, ನನ್ನ ಬಟ್ಟೆ ಒಗೆದು ಹೋಗುತ್ತಾಳೆ. ನನ್ನ ಮೇಲೆ ಸಿಟ್ಟಿಲ್ಲ. ಉಂಡೆಯಾ ಎಂದು ದಿನಾ ಫೋನು ಮಾಡಿ ಕೇಳುತ್ತಾಳೆ. ಹೋದ ಭಾನುವಾರ ಕಟ್ಟೆಯ ಮೇಲೆ ಕೂತಿದ್ದಾಗ, ಲ್ಯಾಬಿನಲ್ಲಿ ರಕ್ತ ಹೇಗೆ ಪರೀಕ್ಷೆ ಮಾಡುತ್ತಾರೆ ಎಂದು ನಾನಾಗಿ ಕೇಳಿದೆ. ಏನಿಲ್ಲ ಅಪ್ಪ, ಮಷೀನು ಮಾಡುತ್ತದೆ ಎಂದು ಹೇಳಿ ಒಳಗೆ ಹೋದಳು. ತಾಯಿ ಹೋದ ದಿನದಿಂದ ನನ್ನ ಮಗಳು ನನಗೆ ಯಾವುದನ್ನೂ ಬಿಡಿಸಿ ಹೇಳಿಲ್ಲ.